ಮಗುವಿನ ವಂಶವಾಹಿ ಪರೀಕ್ಷೆ: ಸೂಜಿ ಚುಚ್ಚುವ ಮೊದಲು, ವರದಿ ಬಂದ ನಂತರ

ಕೊಡಗಿನಲ್ಲಿ ಮಕ್ಕಳ ವಂಶವಾಹಿ ಪರೀಕ್ಷೆ ಎಂದಾಗ ಮೊದಲು ನೆನಪಾಗುವುದು ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ತಪಾಸಣಾ ಶಿಬಿರ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹದೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು 40 ವರ್ಷದೊಳಗಿನ ಏಳು ಕೋಟಿ ಜನರನ್ನು ಪರೀಕ್ಷಿಸುವ ಗುರಿ ಹಾಕಿಕೊಂಡಿತು. ಬುಡಕಟ್ಟು ಜನರು ಹೆಚ್ಚಾಗಿರುವ ಪ್ರದೇಶಗಳೇ ಅದರ ಕಾರ್ಯಕ್ಷೇತ್ರ. ಕರ್ನಾಟಕವೂ ಅದರಲ್ಲಿ ಸೇರಿದೆ. ಭಾರತದಲ್ಲಿ ಈ ಕಾಯಿಲೆ ಮೊದಲು ದಾಖಲಾದದ್ದು ನಮಗೆ ದೂರವಲ್ಲದ ನೀಲಗಿರಿಯ ಬುಡಕಟ್ಟು ಜನರಲ್ಲಿ, 1952ರಲ್ಲಿ. ಹಾಗಾಗಿ ಯರವರ, ಜೇನು ಕುರುಬರ, ಬೆಟ್ಟ ಕುರುಬರ ಮನೆಗಳಲ್ಲಿ ಮಗುವಿನ ಬೆರಳಿಗೆ ಸೂಜಿ ತಾಗುವ ದಿನ ಇಂದಲ್ಲ ನಾಳೆ ಬಂದೇ ಬರುತ್ತದೆ.

ಇದು ಬುಡಕಟ್ಟು ಜನರ ಹಾಡಿಗಳಿಗಷ್ಟೇ ಸೀಮಿತವಾದ ವಿಷಯವೂ ಅಲ್ಲ. ಕಿವಿ ಕೇಳಿಸದ ಮಗುವನ್ನು ಮಡಿಕೇರಿಯಿಂದ ಮೈಸೂರಿಗೆ ಕರೆದೊಯ್ಯುವ ತಂದೆತಾಯಿ ಇದ್ದಾರೆ. ತಾಯಿಗೂ ಚಿಕ್ಕಮ್ಮನಿಗೂ ಸ್ತನ ಕ್ಯಾನ್ಸರ್ ಬಂದಿರುವ ಮನೆಯಲ್ಲಿ ‘ಮಗಳಿಗೂ ಈಗಲೇ ನೋಡಿಸಿಬಿಡೋಣವೇ’ ಎಂಬ ಮಾತು ಏಳುತ್ತದೆ. ಮಗ ಹಾಕಿಯಲ್ಲಿ ಮುಂದೆ ಬರುತ್ತಾನೋ ಇಲ್ಲವೋ ಎಂದು ತಿಳಿಯಲು ಅಂತರ್ಜಾಲದಲ್ಲಿ ಕಿಟ್ ತರಿಸುವವರೂ ಇದ್ದಾರೆ.

ಪರೀಕ್ಷೆ ಬೇಡ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಹಲವು ಪರೀಕ್ಷೆಗಳು ಮಗುವಿನ ಜೀವ ಉಳಿಸುತ್ತವೆ. ಆದರೆ ಮಗುವಿನ ಮನಸ್ಸಿಗೆ ಪೆಟ್ಟು ಬೀಳುವುದು ರಕ್ತದಲ್ಲಿ ಏನು ಸಿಕ್ಕಿತು ಎನ್ನುವುದಕ್ಕಿಂತ ಹೆಚ್ಚಾಗಿ, ಆ ಸುದ್ದಿ ಯಾರ ಕಿವಿಗೆ ಮೊದಲು ಬಿತ್ತು, ಯಾರು ಅದನ್ನು ಹೇಗೆ ಹೇಳಿದರು ಎನ್ನುವುದರಿಂದ. ಅದು ನಮ್ಮ ಕೈಯಲ್ಲೇ ಇರುವ ಸಂಗತಿ. ಅದಕ್ಕಾಗಿ ಈ ಹೆಜ್ಜೆಗಳು.

ಮೊದಲ ಹೆಜ್ಜೆ: ಇದು ಈಗ ಮಗುವಿಗೆ ಬೇಕೇ?

ಪರೀಕ್ಷೆ ಬರೆದುಕೊಟ್ಟವರನ್ನು ಒಂದೇ ಪ್ರಶ್ನೆ ಕೇಳಿ: ‘ಫಲಿತಾಂಶ ಬಂದ ಮೇಲೆ, ಈ ಮಗುವಿಗೆ ಈ ವಯಸ್ಸಿನಲ್ಲಿ ನೀವು ಏನು ಮಾಡುತ್ತೀರಿ?’ ಉತ್ತರದಲ್ಲಿ ಮದ್ದು, ಲಸಿಕೆ, ತಪಾಸಣೆ, ಆಹಾರ, ಶ್ರವಣ ಸಾಧನ ಹೀಗೆ ಯಾವುದಾದರೂ ಒಂದು ಇದ್ದರೆ ಹಿಂಜರಿಯಬೇಡಿ.

ಸಿಕಲ್ ಸೆಲ್ ಕಾಯಿಲೆ ಇಂಥದ್ದು. ಬೇಗ ತಿಳಿದರೆ ಐದು ವರ್ಷದವರೆಗೆ ಪೆನಿಸಿಲಿನ್ ಕೊಟ್ಟು, ನ್ಯುಮೋನಿಯಾ ಲಸಿಕೆ ಹಾಕಿಸಿ ಮಾರಕ ಸೋಂಕುಗಳನ್ನು ತಡೆಯಬಹುದು. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆಯಿಂದ ನೋವಿನ ಕಂತುಗಳು ಕಡಿಮೆಯಾಗುತ್ತವೆ. ಕರುಳಿನಲ್ಲಿ ನೂರಾರು ಗಂಟುಗಳು ಬೆಳೆದು ಮುಂದೆ ಕ್ಯಾನ್ಸರ್ ಆಗುವ ಒಂದು ವಂಶಪಾರಂಪರ್ಯ ಕಾಯಿಲೆಯೂ ಇದೇ ಗುಂಪಿನದು. ಅಲ್ಲಿ ಹತ್ತು ಹನ್ನೆರಡು ವರ್ಷದಿಂದಲೇ ಕರುಳನ್ನು ನೋಡುತ್ತಿರಬೇಕಾಗುವುದರಿಂದ ಬಾಲ್ಯದ ಪರೀಕ್ಷೆಗೆ ಅರ್ಥವಿದೆ.

‘ಈಗೇನೂ ಮಾಡುವುದಿಲ್ಲ, ಗೊತ್ತಿದ್ದರೆ ಒಳ್ಳೆಯದು’ ಎಂಬ ಉತ್ತರ ಬಂದರೆ ನಿಲ್ಲಿ. ಸ್ತನ ಕ್ಯಾನ್ಸರ್‌ಗೆ ಸಂಬಂಧಿಸಿದ ಬಿಆರ್‌ಸಿಎ ವಂಶವಾಹಿಯ ವಿಷಯದಲ್ಲಿ ಎಂಟು ವರ್ಷದ ಹುಡುಗಿಗೆ ಮಾಡಬೇಕಾದದ್ದು ಏನೂ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಮತ್ತು ವೈದ್ಯಕೀಯ ತಳಿವಿಜ್ಞಾನಿಗಳ ಸಂಘಗಳು 2013ರಲ್ಲಿ ಒಟ್ಟಾಗಿ ಹೇಳಿದ್ದೂ ಇದನ್ನೇ: ದೊಡ್ಡವರಾದ ಮೇಲೆ ಬರುವ ಕಾಯಿಲೆಗೆ ಬಾಲ್ಯದಲ್ಲಿ ಮಾಡುವಂಥದ್ದೇನೂ ಇಲ್ಲದಿದ್ದರೆ ಪರೀಕ್ಷೆಯನ್ನು ಮುಂದೂಡಿ.

ಇದರ ಹಿಂದಿನ ತರ್ಕ ಹಂಟಿಂಗ್ಟನ್ ಕಾಯಿಲೆಯ ಕಥೆಯಲ್ಲಿದೆ. ನಡುವಯಸ್ಸಿನಲ್ಲಿ ಮೆದುಳನ್ನು ಹಾಳುಮಾಡುವ, ವಾಸಿಯಾಗದ ಕಾಯಿಲೆ ಇದು. 1993ರಲ್ಲಿ ಅದರ ವಂಶವಾಹಿ ಪತ್ತೆಯಾಗುವ ಮೊದಲು, ಅಪಾಯದಲ್ಲಿದ್ದ ಕುಟುಂಬಗಳ ಬಹುಪಾಲು ಜನ ಪರೀಕ್ಷೆ ಬಂದರೆ ಮಾಡಿಸಿಕೊಳ್ಳುತ್ತೇವೆ ಎನ್ನುತ್ತಿದ್ದರು. ಪರೀಕ್ಷೆ ಬಂತು; ಮಾಡಿಸಿಕೊಂಡವರು ಐವರಲ್ಲಿ ಒಬ್ಬರಿಗಿಂತಲೂ ಕಡಿಮೆ. ದೊಡ್ಡವರೇ ‘ನನಗೆ ಗೊತ್ತಾಗುವುದು ಬೇಡ’ ಎಂದು ತೀರ್ಮಾನಿಸುವ ವಿಷಯವನ್ನು ಮಗುವಿನ ಪರವಾಗಿ ನಾವು ತಿಳಿದುಕೊಂಡುಬಿಟ್ಟರೆ, ಅವನು ದೊಡ್ಡವನಾದಾಗ ಬೇಡ ಎನ್ನುವ ಅವಕಾಶವೇ ಉಳಿಯುವುದಿಲ್ಲ. 18 ತುಂಬಲಿ, ಅವನೇ ನಿರ್ಧರಿಸಲಿ.

ಹಾಕಿ ಕಿಟ್‌ಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಆಟದ ಪ್ರತಿಭೆ ಗುರುತಿಸಲು ವಂಶವಾಹಿ ಪರೀಕ್ಷೆಗೆ ಯಾವ ಪಾತ್ರವೂ ಇಲ್ಲ ಎಂದು ಕ್ರೀಡಾ ವಿಜ್ಞಾನಿಗಳು 2015ರಲ್ಲೇ ಒಮ್ಮತದಿಂದ ಹೇಳಿದ್ದಾರೆ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಹಾಕಿ ಉತ್ಸವಕ್ಕೆ ಅಜ್ಜಂದಿರೂ ಮೊಮ್ಮಕ್ಕಳೂ ಒಂದೇ ತಂಡದಲ್ಲಿ ಇಳಿಯುವ ನಾಡಿನಲ್ಲಿ ಎಂಜಲು ತುಂಬಿದ ಕೊಳವೆಯನ್ನು ಅಂಚೆಗೆ ಹಾಕಿ ಮಗನ ಕಾಲುಗಳ ಭವಿಷ್ಯ ಕೇಳುವುದು ನನಗಂತೂ ನಗೆ ತರಿಸುತ್ತದೆ. ಆ ದುಡ್ಡಿಗೆ ಒಳ್ಳೆಯ ಸ್ಟಿಕ್ ಕೊಡಿಸಿ.

ಎರಡನೆಯ ಹೆಜ್ಜೆ: ರಕ್ತ ಕೊಡುವ ಮೊದಲು ಮನೆಯಲ್ಲಿ ಆಗಬೇಕಾದ ಮಾತು

ಶಿಬಿರದ ದಿನ ತಾಯಿ ಒಬ್ಬಳೇ ಮಗುವನ್ನು ಎತ್ತಿಕೊಂಡು ಹೋಗುವುದು ರೂಢಿ. ತಂದೆ ತೋಟದಲ್ಲಿರುತ್ತಾನೆ, ಕಾಫಿ ಕೊಯ್ಲಿನ ಕಾಲವಾದರೆ ಕೇಳುವುದೇ ಬೇಡ. ವರದಿ ಬಂದಾಗ ಸುದ್ದಿ ಹೊತ್ತು ತರುವವಳೂ ಅವಳೇ, ಅತ್ತೆಯ ಬಾಯಿಗೆ ಸಿಗುವವಳೂ ಅವಳೇ: ‘ನಿನ್ನ ತವರಿನಿಂದ ಬಂದದ್ದು.’

ಆದ್ದರಿಂದ ರಕ್ತ ಕೊಡುವ ಮೊದಲೇ ತಂದೆ, ತಾಯಿ, ಸಾಧ್ಯವಾದರೆ ಮನೆಯ ಹಿರಿಯರೊಬ್ಬರು ಒಟ್ಟಿಗೆ ಕೂತು ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ಸಿಕಲ್ ಸೆಲ್ ಕಾಯಿಲೆ ಮಗುವಿಗೆ ಬರಬೇಕಾದರೆ ತಂದೆ, ತಾಯಿ ಎರಡೂ ಕಡೆಯಿಂದ ವಂಶವಾಹಿಯ ಒಂದೊಂದು ಬದಲಾದ ಪ್ರತಿ ಬರಬೇಕು. ಒಬ್ಬರನ್ನೇ ದೂರುವುದಕ್ಕೆ ಅಲ್ಲಿ ಜಾಗವಿಲ್ಲ. ಇಬ್ಬರೂ ವಾಹಕರಾಗಿದ್ದರೆ, ಅಂದರೆ ಬದಲಾದ ಪ್ರತಿ ಒಂದೇ ಇದ್ದು ಕಾಯಿಲೆ ಇಲ್ಲದವರಾಗಿದ್ದರೆ, ಪ್ರತಿ ಬಸಿರಿನಲ್ಲೂ ಕಾಯಿಲೆ ಬರುವ ಸಾಧ್ಯತೆ 25%, ಮಗು ವಾಹಕವಾಗುವ ಸಾಧ್ಯತೆ 50%, ಎರಡೂ ಇಲ್ಲದಿರುವ ಸಾಧ್ಯತೆ 25%. ‘ಪ್ರತಿ ಬಸಿರಿನಲ್ಲೂ’ ಎಂಬುದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಮೊದಲನೆಯದಕ್ಕೆ ಬಂದಿತಲ್ಲ, ಇನ್ನು ಮೂರಕ್ಕೆ ಬರುವುದಿಲ್ಲ ಎಂದು ಲೆಕ್ಕ ಹಾಕುವವರು ಬಹಳ. ಹಿಂದಿನ ಬಸಿರಿನ ಲೆಕ್ಕ ಮುಂದಿನದಕ್ಕೆ ಜಮೆಯಾಗುವುದಿಲ್ಲ.

ತಾಯಿಯಿಂದ ಗಂಡುಮಗುವಿಗೆ ಹೋಗುವ ಕಾಯಿಲೆಗಳೂ ಇವೆ. ಸ್ನಾಯು ಸವೆಯುವ ಡುಷೆನ್ ಕಾಯಿಲೆ ಒಂದು, ರಕ್ತ ಹೆಪ್ಪುಗಟ್ಟದ ಹಿಮೋಫೀಲಿಯಾ ಇನ್ನೊಂದು. ಇಲ್ಲಿ ತಾಯಿಯ ಮೇಲೆ ಬೀಳುವ ಮಾತು ಇನ್ನೂ ಹರಿತ. ಡುಷೆನ್ ಪ್ರಕರಣಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ತಾಯಿಯಿಂದ ಬಂದದ್ದಲ್ಲ, ಮಗುವಿನಲ್ಲೇ ಹೊಸದಾಗಿ ಆದ ಬದಲಾವಣೆ ಎಂಬುದನ್ನು ಸಮಾಲೋಚಕರಿಂದಲೇ ಅತ್ತೆಮಾವಂದಿರಿಗೆ ಹೇಳಿಸಿ. ಸೊಸೆ ಹೇಳಿದರೆ ನೆಪ ಎನ್ನುತ್ತಾರೆ, ವೈದ್ಯರು ಹೇಳಿದರೆ ಹೌದೆನ್ನುತ್ತಾರೆ.

ಇನ್ನೊಂದನ್ನು ಮುಚ್ಚುಮರೆಯಿಲ್ಲದೆ ಬರೆಯಬೇಕು. ತಂದೆ, ತಾಯಿ, ಮಗು ಮೂವರ ಪರೀಕ್ಷೆ ಒಟ್ಟಿಗೆ ಮಾಡಿದಾಗ ಮಗುವಿನ ತಂದೆ ಬೇರೆ ಎಂಬುದು ಕೆಲವೊಮ್ಮೆ ಹೊರಬರುತ್ತದೆ. ಅಂಥ ವಿಷಯ ಕಂಡರೆ ಏನು ಮಾಡುತ್ತೀರಿ ಎಂದು ಸಮಾಲೋಚಕರನ್ನು ಮೊದಲೇ, ತಾಯಿ ಒಬ್ಬಳೇ ಇರುವಾಗ ಕೇಳುವ ಅವಕಾಶ ಇರಬೇಕು.

ಮೂರನೆಯ ಹೆಜ್ಜೆ: ‘ಪಾಸಿಟಿವ್’ ಎಂದರೆ ಏನು?

ಶಿಬಿರದಲ್ಲಿ ಮಾಡುವ ಕರಗುವಿಕೆ ಪರೀಕ್ಷೆ ತ್ವರಿತವಾದದ್ದು, ಅಗ್ಗವಾದದ್ದು. ಅದಕ್ಕೊಂದು ಮಿತಿಯಿದೆ. ರಕ್ತದಲ್ಲಿ ಸಿಕಲ್ ಹಿಮೋಗ್ಲೋಬಿನ್ ಇದೆ ಎಂದಷ್ಟೇ ಅದು ಹೇಳುತ್ತದೆ. ಮಗು ವಾಹಕವೋ ರೋಗಿಯೋ ಎಂದು ಹೇಳುವುದಿಲ್ಲ. ಆರು ತಿಂಗಳೊಳಗಿನ ಶಿಶುವಿನಲ್ಲಿ ಅದನ್ನು ನಂಬುವಂತೆಯೂ ಇಲ್ಲ, ಏಕೆಂದರೆ ಆ ವಯಸ್ಸಿನಲ್ಲಿ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಇನ್ನೂ ರಕ್ತದಲ್ಲಿ ತುಂಬಿರುತ್ತದೆ. ಖಚಿತಪಡಿಸಲು ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಎಂಬ ಎರಡನೆಯ ಪರೀಕ್ಷೆ ಆಗಲೇಬೇಕು.

ಈ ಎರಡರ ನಡುವಿನ ದಿನಗಳೇ ಅಪಾಯದ ದಿನಗಳು. ಮೊದಲ ಪರೀಕ್ಷೆಯ ಪಾಸಿಟಿವ್ ಮಾತ್ರ ಹಿಡಿದುಕೊಂಡು ಹಾಡಿಗೆ ಹಾಡಿಯೇ ‘ಆ ಮನೆಯ ಹುಡುಗನಿಗೆ ರಕ್ತದ ಕಾಯಿಲೆ’ ಎಂದು ಮಾತಾಡಿ ಮುಗಿಸಿರುತ್ತದೆ. ಎರಡನೆಯ ವರದಿಯಲ್ಲಿ ಅವನು ಬರೀ ವಾಹಕ ಎಂದು ಬಂದರೂ ಹಳೆಯ ಮಾತು ಅಳಿಯುವುದಿಲ್ಲ. ಆಶಾ ಕಾರ್ಯಕರ್ತೆಯರಿಗೆ ನನ್ನ ಬೇಡಿಕೆ ಒಂದೇ: ಮೊದಲ ಪರೀಕ್ಷೆಯ ಬಳಿಕ ಮನೆಯವರಿಗೆ ‘ಅಕ್ಕಾ, ಇನ್ನೊಂದು ಸಲ ರಕ್ತ ನೋಡಬೇಕಾಗಿದೆ, ಆಮೇಲೆ ಕೂತು ಮಾತಾಡೋಣ’ ಎನ್ನಿ. ಅಷ್ಟೇ ಸಾಕು.

ಕೊನೆಯ ವರದಿಯಲ್ಲಿ ಎಎ ಎಂದಿದ್ದರೆ ಏನೂ ಇಲ್ಲ. ಎಎಸ್ ಎಂದರೆ ವಾಹಕ. ಎಸ್‌ಎಸ್ ಎಂದರೆ ಕಾಯಿಲೆ. ಎಎಸ್ ಇರುವ ಮಗು ರೋಗಿಯಲ್ಲ. ಅವನಿಗೆ ಔಷಧಿ ಬೇಡ, ವಿಶೇಷ ಊಟ ಬೇಡ. ಅವನು ಓಡಬಹುದು, ಹಾಕಿ ಆಡಬಹುದು. ಬಿಸಿಲಲ್ಲಿ ಆಡುವಾಗ ನೀರು ಕುಡಿಯುತ್ತಿರಬೇಕು, ಅದು ಎಲ್ಲ ಮಕ್ಕಳಿಗೂ ಹೇಳುವ ಮಾತು. ಈ ಸರಳ ವ್ಯತ್ಯಾಸ ತಿಳಿಯದೆ ದೊಡ್ಡ ದೊಡ್ಡ ದೇಶಗಳು ಎಡವಿವೆ. 1970ರ ದಶಕದಲ್ಲಿ ಅಮೆರಿಕದ ಕೆಲವು ರಾಜ್ಯಗಳು ಕಪ್ಪು ಜನಾಂಗದ ಮಕ್ಕಳಿಗೆ ಶಾಲೆ ಸೇರಲು ಈ ಪರೀಕ್ಷೆಯನ್ನು ಕಡ್ಡಾಯ ಮಾಡಿದವು. ವಾಹಕರನ್ನೂ ರೋಗಿಗಳನ್ನೂ ಒಂದೇ ತಕ್ಕಡಿಗೆ ಹಾಕಿದವು. ಅಲ್ಲಿನ ವಾಯುಪಡೆಯ ಅಕಾಡೆಮಿ 1981ರವರೆಗೂ ವಾಹಕ ಯುವಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ.

ನಾಲ್ಕನೆಯ ಹೆಜ್ಜೆ: ಮಗುವಿಗೆ ಹೇಳುವುದು

ಇಲ್ಲಿ ನಿಧಾನಿಸೋಣ. ಹೆಚ್ಚಿನ ಮನೆಗಳಲ್ಲಿ ಮಗುವಿಗೆ ಯಾರೂ ಏನೂ ಹೇಳುವುದಿಲ್ಲ. ‘ಚಿಕ್ಕದು, ಅದಕ್ಕೇನು ತಿಳಿಯುತ್ತದೆ’ ಎನ್ನುತ್ತಾರೆ. ಮಗುವಿಗೆ ತಿಳಿಯುತ್ತದೆ. ತಾನು ಬಂದೊಡನೆ ಮಾತು ನಿಲ್ಲುವುದು, ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದು, ತಮ್ಮನಿಗಿಲ್ಲದ ಮಾತ್ರೆ ತನಗೆ ಮಾತ್ರ ಇರುವುದು ಎಲ್ಲವನ್ನೂ ಅದು ಕೂಡಿಸಿ ನೋಡುತ್ತದೆ. ಯಾರೂ ಹೇಳದಿದ್ದಾಗ ಅದೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ. ಆ ಕಾರಣ ಬಹುಮಟ್ಟಿಗೆ ‘ನಾನು ಏನೋ ತಪ್ಪು ಮಾಡಿದ್ದೇನೆ’ ಎಂಬುದೇ ಆಗಿರುತ್ತದೆ.

ಐದಾರು ವರ್ಷದ ಮಗುವಿಗೆ ನಾಲ್ಕು ಮಾತು ಸಾಕು. ಸಂಜೆ, ಒಲೆಯ ಹತ್ತಿರ, ಬೇರೆ ಯಾರೂ ಇಲ್ಲದಾಗ ಹೀಗೆ ಹೇಳಬಹುದು:

‘ಅವ್ವ, ನನಗೆ ಯಾಕೆ ದಿನಾ ಮಾತ್ರೆ?’

‘ನಮ್ಮ ರಕ್ತದೊಳಗೆ ಪುಟ್ಟ ಪುಟ್ಟ ಕಣಗಳಿವೆ ಮಗಳೇ. ಕಾಫಿ ಹಣ್ಣಿನ ಹಾಗೆ ದುಂಡಗೆ ಇದ್ದರೆ ಉರುಳಿಕೊಂಡು ಹೋಗುತ್ತವೆ. ನಿನ್ನವು ಕೆಲವು ಸಲ ಕತ್ತಿಯ ಹಾಗೆ ಬಾಗುತ್ತವೆ, ಆಗ ಸಿಕ್ಕಿಕೊಂಡು ನೋವಾಗುತ್ತದೆ. ಬಾಗದಿರಲಿ ಎಂದು ಈ ಮಾತ್ರೆ.’

‘ತಮ್ಮನಿಗೂ ಅಂಟುತ್ತದಾ?’

‘ಇಲ್ಲ. ಇದು ಅಂಟುವುದಿಲ್ಲ. ನೀನು ಹುಟ್ಟುವಾಗಲೇ ಇತ್ತು. ನೀನು ಏನೂ ಮಾಡಿದ್ದರಿಂದ ಬಂದದ್ದಲ್ಲ.’

ಎರಡನೆಯ ಪ್ರಶ್ನೆ ಬಂದೇ ಬರುತ್ತದೆ, ಬೇರೆ ರೂಪದಲ್ಲಾದರೂ. ಅಂಟುವುದಿಲ್ಲ, ನಿನ್ನ ತಪ್ಪಲ್ಲ ಎಂಬ ಎರಡು ಮಾತುಗಳನ್ನು ಮಗು ಕೇಳದಿದ್ದರೂ ಹೇಳಿ. ವರ್ಷಕ್ಕೊಮ್ಮೆಯಾದರೂ ಮತ್ತೆ ಹೇಳಿ, ಏಕೆಂದರೆ ಐದರಲ್ಲಿ ಕೇಳಿದ್ದು ಒಂಬತ್ತರಲ್ಲಿ ಬೇರೆಯಾಗಿ ಅರ್ಥವಾಗುತ್ತದೆ. ಅಜ್ಜಿ ದೈವದ ಮುನಿಸು ಎನ್ನುತ್ತಿದ್ದರೆ ಜಗಳಕ್ಕೆ ಇಳಿಯಬೇಕಾಗಿಲ್ಲ. ಹರಕೆ ಹೊರಲಿ, ಮಾತ್ರೆಯೂ ನಡೆಯಲಿ; ಆದರೆ ಮುನಿಸಿಗೆ ಮಗುವೇ ಕಾರಣ ಎಂಬ ಮಾತು ಮಾತ್ರ ಮನೆಯೊಳಗೆ ಬರಬಾರದು.

ಹತ್ತು ಹನ್ನೆರಡರ ಮಗುವಿಗೆ ಕಾಯಿಲೆಯ ಹೆಸರು ಹೇಳಿ. ಹೆಸರು ಮುಚ್ಚಿಟ್ಟರೆ ಮೊಬೈಲ್ ಹೇಳುತ್ತದೆ, ಮೊಬೈಲ್ ಹೇಳುವುದು ಅತಿ ಕೆಟ್ಟ ಪ್ರಕರಣವನ್ನು. ಈ ವಯಸ್ಸಿನಲ್ಲಿ ನೋವು ಬಂದಾಗ ಯಾರಿಗೆ ಹೇಳಬೇಕು, ಎಷ್ಟು ನೀರು ಕುಡಿಯಬೇಕು, ಮೈ ತೊಯ್ದರೆ ಏನು ಮಾಡಬೇಕು ಎಂಬುದನ್ನು ಅವರ ಕೈಗೇ ಕೊಡಿ. ತನ್ನ ಮೈಯ ಮೇಲೆ ತನಗೆ ಹಿಡಿತವಿದೆ ಎನ್ನಿಸಿದರೆ ಭಯ ಅರ್ಧ ಇಳಿಯುತ್ತದೆ. ಹದಿನೈದರ ನಂತರ ವೈದ್ಯರೊಡನೆ ಸ್ವಲ್ಪ ಹೊತ್ತು ಒಬ್ಬರೇ ಮಾತಾಡಲು ಬಿಡಿ. ಆ ವಯಸ್ಸಿನವರ ಮನಸ್ಸಿನಲ್ಲಿರುವ ಪ್ರಶ್ನೆ, ನನ್ನನ್ನು ಯಾರು ಮದುವೆಯಾಗುತ್ತಾರೆ ಎಂಬುದು. ಅಪ್ಪನ ಎದುರು ಅದು ಬಾಯಿಗೆ ಬರುವುದಿಲ್ಲ.

ತಂದೆತಾಯಿಯ ಮನಸ್ಸಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 1964ರಲ್ಲಿ ಗ್ರೀನ್ ಮತ್ತು ಸಾಲ್ನಿಟ್ ಎಂಬ ಇಬ್ಬರು ಅಮೆರಿಕನ್ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಒಮ್ಮೆ ಸಾವಿನ ಬಾಯಿಂದ ಪಾರಾದ ಮಗು ಪೂರ್ತಿ ಗುಣವಾದ ಮೇಲೂ ಮನೆಯವರು ಅದನ್ನು ಇಂದೋ ನಾಳೆಯೋ ಹೋಗುವ ಜೀವ ಎಂಬಂತೆ ಕಾಯುತ್ತಾರೆ. ಮಗು ಅಂಜುಬುರುಕವಾಗುತ್ತದೆ, ಹಟಮಾರಿಯಾಗುತ್ತದೆ, ಶಾಲೆಯಲ್ಲಿ ಹಿಂದೆ ಬೀಳುತ್ತದೆ. ಕಾಗದದ ಮೇಲಿನ ಫಲಿತಾಂಶವೂ ಇದನ್ನೇ ಮಾಡಬಲ್ಲದು. ಸ್ವೀಡನ್ನಿನಲ್ಲಿ 1972ರಿಂದ 1974ರವರೆಗೆ ಎರಡು ಲಕ್ಷ ನವಜಾತ ಶಿಶುಗಳಲ್ಲಿ, ಮುಂದೆ ಶ್ವಾಸಕೋಶಕ್ಕೆ ತೊಂದರೆ ತರಬಲ್ಲ ಒಂದು ಆನುವಂಶಿಕ ಕೊರತೆಯನ್ನು ಹುಡುಕಿದರು. ಮಗುವನ್ನು ಹೊಗೆಯಿಂದ ದೂರವಿಡಲಿ ಎಂಬ ಸದುದ್ದೇಶ. ತಂದೆತಾಯಿಗಳು ಎಷ್ಟು ಕಳವಳಕ್ಕೆ ಬಿದ್ದರೆಂದರೆ ಕಾರ್ಯಕ್ರಮವನ್ನೇ ನಿಲ್ಲಿಸಬೇಕಾಯಿತು.

ಹಾಗೆಂದು ಎಲ್ಲ ಕಡೆಯೂ ಹೀಗೇ ಆಗುತ್ತದೆ ಎಂದಲ್ಲ. ಸಮಾಲೋಚನೆಯ ಜೊತೆಗೆ ಪರೀಕ್ಷೆ ಮಾಡಿಸಿಕೊಂಡ ಬಹುಪಾಲು ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಕೆಲವು ಸಲ ಫಲಿತಾಂಶ ಭಾರ ಇಳಿಸುತ್ತದೆ ಕೂಡ. ಹುಟ್ಟು ಕಿವುಡಿನ ಮಗುವಿನ ತಾಯಿ, ಬಸಿರಿಯಾಗಿದ್ದಾಗ ಗ್ರಹಣದ ಹೊತ್ತು ಹೊರಗೆ ಬಂದೆನೆಂದು ವರ್ಷಗಟ್ಟಲೆ ಕೊರಗುತ್ತಾಳೆ. ಕಾರಣ ಒಂದು ವಂಶವಾಹಿ ಎಂದು ಕಾಗದದಲ್ಲಿ ಬಂದ ದಿನ ಆ ಗ್ರಹಣ ಬಿಡುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ಬೇಗ ಕರೆದೊಯ್ದಷ್ಟೂ ಮಾತು ಕಲಿಸಲು ಕಾಲ ಸಿಗುತ್ತದೆ.

ಆ ಮನೆಯ ಇನ್ನೊಂದು ಮಗು

ಒಬ್ಬಳಿಗೆ ಕಾಯಿಲೆ, ಒಬ್ಬ ವಾಹಕ, ಇನ್ನೊಬ್ಬಳಿಗೆ ಏನೂ ಇಲ್ಲ. ಹೀಗೆ ಬಂದಾಗ ಎಲ್ಲರ ಗಮನ ಮೊದಲನೆಯವಳ ಮೇಲೆ. ಏನೂ ಇಲ್ಲ ಎಂದು ಬಂದವಳು ಖುಷಿಯಾಗಿರಬೇಕಲ್ಲವೇ? ಹಲವು ಸಲ ಅವಳೇ ಮಂಕಾಗುತ್ತಾಳೆ: ಅಕ್ಕನಿಗೆ ಯಾಕೆ, ನನಗೆ ಯಾಕಿಲ್ಲ? ಅಕ್ಕನ ಬಗ್ಗೆ ಅಸೂಯೆಯೂ ಇರುತ್ತದೆ, ಏಕೆಂದರೆ ಬೆಚ್ಚಗಿನ ಸ್ವೆಟರ್, ಆಸ್ಪತ್ರೆಗೆ ಹೋದಾಗ ಪೇಟೆಯ ಬಿಸ್ಕತ್ತು ಎಲ್ಲ ಅಕ್ಕನಿಗೆ. ಆ ಅಸೂಯೆಗೆ ತಾನೇ ನಾಚುತ್ತಾಳೆ. ಆಸ್ಪತ್ರೆಗೆ ಹೋಗುವಾಗ ತಿಂಗಳಿಗೊಮ್ಮೆ ಅವಳನ್ನೂ ಕರೆದುಕೊಂಡು ಹೋಗಿ. ಸಂತೆಯ ದಿನ ಅವಳೊಬ್ಬಳನ್ನೇ ಕರೆದುಕೊಂಡು ಹೋಗಿ. ಇಷ್ಟು ಮಾಡಿದರೆ ಬಹಳ.

ಐದನೆಯ ಹೆಜ್ಜೆ: ಶಾಲೆ, ತೋಟ, ಊರು

ಯಾರಿಗೆ ಹೇಳಬೇಕು? ಗೊತ್ತಿದ್ದರೆ ಮಗುವಿಗೆ ಉಪಯೋಗವಾಗುವಂಥವರಿಗೆ ಮಾತ್ರ. ಎಸ್‌ಎಸ್ ಇರುವ ಮಗುವಿನ ತರಗತಿ ಶಿಕ್ಷಕರಿಗೆ ಹೇಳಲೇಬೇಕು, ಆಶ್ರಮ ಶಾಲೆಯಾದರೆ ನಿಲಯದ ಮೇಲ್ವಿಚಾರಕರಿಗೂ ಅಡುಗೆಯವರಿಗೂ. ವಾಹಕ ಮಗುವಿನ ವಿಷಯ ಶಾಲೆಗೆ ತಿಳಿಯಬೇಕಾದ ಯಾವ ಅಗತ್ಯವೂ ಇಲ್ಲ.

ಕೊಡಗಿನ ಮಳೆಗಾಲ ಈ ಮಕ್ಕಳಿಗೆ ಪರೀಕ್ಷೆಯ ಕಾಲ. ಚಳಿ, ಒದ್ದೆ ಬಟ್ಟೆ, ನೀರು ಕುಡಿಯದಿರುವುದು ಈ ಮೂರೂ ನೋವಿನ ಕಂತನ್ನು ಕೆರಳಿಸುತ್ತವೆ. ಕಕ್ಕಡ ಮಾಸದ ಮಳೆಯಲ್ಲಿ ಎರಡು ಮೈಲಿ ನಡೆದು ಬಂದ ಹುಡುಗ ತೊಯ್ದ ಅಂಗಿಯಲ್ಲೇ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರುತ್ತಾನೆ. ಚಳಿಗೆ ಬಾಯಾರುವುದಿಲ್ಲ, ನೀರು ಕುಡಿಯುವುದಿಲ್ಲ. ಶೌಚಾಲಯ ಅಂಗಳದಾಚೆ ಇದ್ದರೆ ಬೇಕೆಂದೇ ಕುಡಿಯುವುದಿಲ್ಲ. ಸಂಜೆ ಮೊಣಕಾಲು ಹಿಡಿದು ಅಳುತ್ತಾನೆ. ಶಾಲೆಯಲ್ಲಿ ಒಂದು ಜೊತೆ ಒಣ ಬಟ್ಟೆ, ಒಂದು ಟವೆಲ್, ಅಡುಗೆಮನೆಯಿಂದ ಬಿಸಿನೀರು, ಕೇಳಿದಾಗಲೆಲ್ಲ ಶೌಚಕ್ಕೆ ಬಿಡುವುದು: ಶಿಕ್ಷಕರು ಮಾಡಬೇಕಾದದ್ದು ಇಷ್ಟೇ. ಇದಕ್ಕೆ ಮಗುವಿನ ವರದಿಯನ್ನು ಓದಿ ಹೇಳಬೇಕಾಗಿಲ್ಲ. ಮಳೆಯಲ್ಲಿ ತೊಯ್ದ ಎಲ್ಲ ಮಕ್ಕಳಿಗೂ ಬಿಸಿನೀರು ಎಂದು ನಿಯಮ ಮಾಡಿದರೆ ಯಾರಿಗಾಗಿ ಮಾಡಿದ್ದು ಎಂದು ಯಾರೂ ಕೇಳುವುದಿಲ್ಲ. ಜ್ವರ, ಉಸಿರಾಟದ ತೊಂದರೆ, ಹೊಟ್ಟೆಯ ಎಡಭಾಗ ಉಬ್ಬುವುದು, ಮುಖ ಬಿಳುಚುವುದು, ಕೈಕಾಲು ಒಂದು ಕಡೆ ಸೋಲುವುದು ಕಂಡರೆ ಕಾಯಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು.

ಮಾಡಬಾರದ್ದು ಏನು? ಒಂದು ಶಾಲೆಯ ಗೋಡೆಯಲ್ಲಿ ತಪಾಸಣೆಯಾದ ಮಕ್ಕಳ ಪಟ್ಟಿ ಅಂಟಿಸಿದ್ದನ್ನು ಕಂಡಿದ್ದೇನೆ. ಕೆಲವು ಹೆಸರುಗಳ ಮುಂದೆ ಕೆಂಪು ಶಾಯಿಯ ಗುರುತು. ಅಂಟಿಸಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಎರಡನೆಯ ಸಲ ರಕ್ತ ಕೊಡಬೇಕಾದವರು ಮರೆಯದಿರಲಿ ಎಂದಷ್ಟೇ. ಊಟದ ಸಾಲಿನಲ್ಲಿ ಆ ಗುರುತಿನ ಹುಡುಗಿಯ ಪಕ್ಕ ಮಾತ್ರ ಒಂದು ತಟ್ಟೆಯಷ್ಟು ಜಾಗ ಖಾಲಿ ಇತ್ತು. ಪಟ್ಟಿ ಬೀರುವಿನೊಳಗಿರಲಿ. ಕರೆಯುವುದಿದ್ದರೆ ಒಬ್ಬೊಬ್ಬರನ್ನೇ, ಬೇರೆ ನೆಪದಲ್ಲಿ ಕರೆಯಿರಿ. ವಾಟ್ಸ್ಆ್ಯಪ್ ಗುಂಪಿಗೆ ಪಟ್ಟಿಯ ಫೋಟೊ ಹಾಕುವುದಂತೂ ಬೇಡವೇ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲರೂ ಮಕ್ಕಳು. ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು ಎಂಬುದು ಅದರ ತತ್ವ.

ತೋಟದ ಲೈನ್ ಮನೆಗಳಲ್ಲಿ ಇನ್ನೊಂದು ತೊಡಕು. ಗೋಡೆಗೆ ಗೋಡೆ ಅಂಟಿದ ಮನೆಗಳು, ಇಲ್ಲಿ ಕೆಮ್ಮಿದರೆ ಅಲ್ಲಿಗೆ ಕೇಳುತ್ತದೆ. ರಜೆ ಕೇಳುವಾಗ ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೆ ಕಾರಣ ಹೇಳಬೇಕಾಗುತ್ತದೆ. ‘ಮಗುವಿಗೆ ಹುಷಾರಿಲ್ಲ, ಆಸ್ಪತ್ರೆಗೆ ಹೋಗಬೇಕು’ ಎಂಬುದು ನಿಜವೂ ಹೌದು, ಸಾಕಷ್ಟೂ ಹೌದು. ಕಾಯಿಲೆಯ ಹೆಸರು, ವರದಿಯ ಪ್ರತಿ ತೋಟದ ಕಚೇರಿಗೆ ಬೇಡ. ಆ ವಂಶದವರಿಗೆ ಕೆಲಸ ಮಾಡುವ ಶಕ್ತಿಯಿಲ್ಲ ಎಂಬ ಮಾತು ಒಮ್ಮೆ ಹುಟ್ಟಿತೆಂದರೆ ಅದು ಚಿಕ್ಕಪ್ಪ ದೊಡ್ಡಪ್ಪಂದಿರ ಕೂಲಿಗೂ ಬಂದು ಮುಟ್ಟುತ್ತದೆ.

ಹೊರಗಿನಿಂದ ಬರುವವರ ಮಾತಿನ ಬಗ್ಗೆಯೂ ಒಂದು ಎಚ್ಚರ. ‘ಬುಡಕಟ್ಟಿನವರ ಕಾಯಿಲೆ’ ಎಂದು ಶಿಬಿರದ ಭಾಷಣಗಳಲ್ಲಿ ಹೇಳುವುದುಂಟು. ಒಂದೇ ಪ್ರತಿ ಇದ್ದವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತಿದ್ದುದರಿಂದ ಈ ವಂಶವಾಹಿ ಮಲೇರಿಯಾ ಕಾಡಿದ ನಾಡುಗಳಲ್ಲೆಲ್ಲ ಉಳಿದುಕೊಂಡಿತು. ಆಫ್ರಿಕಾ, ಅರೇಬಿಯಾ, ಗ್ರೀಸ್‌ನಲ್ಲೂ ಇದೆ. ಕಾಡಿನಲ್ಲಿ ಬದುಕಿ ಉಳಿದ ಹಿರಿಯರ ರಕ್ತ ಇದು ಎಂದು ಆಶ್ರಮ ಶಾಲೆಯ ವಿಜ್ಞಾನ ಪಾಠದಲ್ಲಿ ಹೇಳಿದರೆ ಆ ಮಕ್ಕಳ ಕುತ್ತಿಗೆ ತಗ್ಗುವುದಿಲ್ಲ.

ಆರನೆಯ ಹೆಜ್ಜೆ: ಮದುವೆಯ ಮಾತು

ಮಗುವಿನ ಪರೀಕ್ಷೆಯ ಫಲಿತಾಂಶವನ್ನು ಜಾತಕದಂತೆ ಬಳಸಬೇಕೆಂಬ ಸಲಹೆ ಆಗಾಗ ಕೇಳಿಬರುತ್ತದೆ: ಫಲಿತಾಂಶ ಬರೆದ ಕಾರ್ಡ್ ನೋಡಿಯೇ ಹೆಣ್ಣು ಕೊಡಿ, ಕಾರ್ಡ್ ನೋಡಿಯೇ ತನ್ನಿ. ಕೇಳಲು ಸುಲಭ. ಗ್ರೀಸ್‌ನ ಆರ್ಕೊಮೆನೊಸ್ ಎಂಬ ಊರಿನಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಲ್ಲೂ ನಮ್ಮಂತೆ ಹಿರಿಯರು ಕೂಡಿಸುವ ಮದುವೆ. ಊರವರ ಸಿಕಲ್ ಸೆಲ್ ಪರೀಕ್ಷೆ ಮಾಡಿ, ವಾಹಕರು ವಾಹಕರನ್ನು ಮದುವೆಯಾಗದಿರಲಿ ಎಂದು ತಿಳಿ ಹೇಳಿದರು. 1970ರ ದಶಕದಲ್ಲಿ ಹಿಂತಿರುಗಿ ನೋಡಿದರೆ ಅಂಥ ಮದುವೆಗಳೇನೂ ಇಳಿದಿರಲಿಲ್ಲ. ಕೆಲವರು ಫಲಿತಾಂಶವನ್ನು ಬಚ್ಚಿಟ್ಟಿದ್ದರು. ಉಳಿದದ್ದು ವಾಹಕರ ಮೇಲಿನ ಕಳಂಕ ಮಾತ್ರ.

ಯೆಹೂದಿಗಳ ಕೆಲವು ಸಾಂಪ್ರದಾಯಿಕ ಸಮುದಾಯಗಳಲ್ಲಿ 1980ರ ದಶಕದಿಂದ ನಡೆಯುತ್ತಿರುವ ಇನ್ನೊಂದು ಕ್ರಮ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ ಹುಡುಗ ಹುಡುಗಿಗೆ ವಾಹಕರೋ ಅಲ್ಲವೋ ಎಂದು ಹೇಳುವುದೇ ಇಲ್ಲ. ಒಂದು ಸಂಖ್ಯೆ ಮಾತ್ರ ಕೊಡುತ್ತಾರೆ. ಮದುವೆಯ ಮಾತು ಬಂದಾಗ ಎರಡು ಸಂಖ್ಯೆಗಳನ್ನು ಕೊಟ್ಟರೆ ‘ಹೊಂದುತ್ತದೆ’ ಅಥವಾ ‘ಹೊಂದುವುದಿಲ್ಲ’ ಎಂಬ ಉತ್ತರ ಬರುತ್ತದೆ. ಹೊಂದಿಕೊಂಡ ಜೋಡಿಯಲ್ಲಿ ಯಾರು ವಾಹಕರೆಂಬುದು ಬೀದಿಗೆ ಬರುವುದೇ ಇಲ್ಲ. ನಮ್ಮಲ್ಲಿ ಅಂಥ ಏರ್ಪಾಡಿಲ್ಲ, ಕಾರ್ಡ್ ಇದೆ. ಆ ಕಾರ್ಡ್ ಮಗುವಿನ ಮನೆಯ ಟ್ರಂಕಿನಲ್ಲಿರಲಿ, ಮದುವೆಯ ವಯಸ್ಸಿನಲ್ಲಿ ಅವರೇ ತೆಗೆದು ಮಾತಾಡಲಿ. ವಾಹಕರೊಬ್ಬರು ಸಿಕಲ್ ಸೆಲ್‌ನ ವಾಹಕರೂ ಅಲ್ಲದ, ಥಲಸ್ಸೇಮಿಯಾ ಎಂಬ ಇನ್ನೊಂದು ರಕ್ತದ ಕಾಯಿಲೆಯ ವಾಹಕರೂ ಅಲ್ಲದವರನ್ನು ಮದುವೆಯಾದರೆ ಕಾಯಿಲೆಯ ಮಗು ಹುಟ್ಟುವುದಿಲ್ಲ. ಈ ಒಂದು ಸಾಲು ತಿಳಿದಿದ್ದರೆ ಎಷ್ಟೋ ಸಂಬಂಧಗಳು ಮುರಿಯದೆ ಉಳಿಯುತ್ತವೆ. ಸೋದರಮಾವ, ಸೋದರತ್ತೆಯ ಮಕ್ಕಳೊಡನೆ ಮದುವೆಯಾಗುವ ಮನೆಗಳಲ್ಲಿ ಮಾತ್ರ ಎರಡೂ ಕಡೆಯ ವರದಿ ನೋಡುವುದು ಲೇಸು. ಒಂದೇ ಅಜ್ಜಅಜ್ಜಿಯ ವಂಶವಾಹಿ ಎರಡೂ ಕಡೆಯಿಂದ ಬರುವ ಸಾಧ್ಯತೆ ಹೆಚ್ಚು.

ಕಾಗದಪತ್ರ ಮತ್ತು ನೆರವು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸಿಕಲ್ ಸೆಲ್ ಕಾಯಿಲೆ, ಥಲಸ್ಸೇಮಿಯಾ, ಹಿಮೋಫೀಲಿಯಾ ಮೂರೂ ಸೇರಿವೆ. ಪ್ರಮಾಣಪತ್ರ ಮಾಡಿಸುವುದು ಮಗುವಿಗೆ ಹಣೆಪಟ್ಟಿ ಹಚ್ಚಿದಂತೆ ಎಂದು ಹಿಂಜರಿಯುವವರಿದ್ದಾರೆ. ಮಾಡಿಸಿಡಿ, ಎಲ್ಲಿ ತೋರಿಸಬೇಕು ಎಂಬುದು ನಿಮ್ಮ ಇಷ್ಟ. ವಾಹಕರಿಗೆ ಇದು ಅನ್ವಯಿಸುವುದಿಲ್ಲ. ವಂಶವಾಹಿಯ ಕಾರಣಕ್ಕೆ ತಾರತಮ್ಯ ಮಾಡಬಾರದೆಂಬ ಪ್ರತ್ಯೇಕ ಕಾನೂನು, ಅಮೆರಿಕದಲ್ಲಿ 2008ರಿಂದ ಇರುವಂಥದ್ದು, ನಮ್ಮ ದೇಶದಲ್ಲಿಲ್ಲ. ಆದರೆ ಆನುವಂಶಿಕ ಕಾಯಿಲೆ ಎಂಬ ಒಂದೇ ನೆಪದಿಂದ ಆರೋಗ್ಯ ವಿಮೆ ನಿರಾಕರಿಸುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ. ವಿಮೆಯವರು ಕ್ಲೇಮು ತಳ್ಳಿಹಾಕಿದರೆ ಲಿಖಿತವಾಗಿ ಪ್ರಶ್ನಿಸಿ.

ಮೊದಲ ಬಾಗಿಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ನಂತರ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಅಪರೂಪದ ಕಾಯಿಲೆಗಳಿಗೆ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವನ್ನು 2021ರ ರಾಷ್ಟ್ರೀಯ ನೀತಿಯಡಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲಾಗಿದೆ. ಮಗು ಊಟ ಬಿಟ್ಟರೆ, ಶಾಲೆಗೆ ಹೋಗಲು ಹಟ ಮಾಡಿದರೆ, ರಾತ್ರಿ ಬೆಚ್ಚಿ ಎದ್ದರೆ, ಅಥವಾ ನಿಮಗೇ ನಿದ್ದೆ ಬಾರದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡಬಹುದು, ಶುಲ್ಕವಿಲ್ಲ. ಶಾಲೆಯಲ್ಲಿ ಮಗುವನ್ನು ಹೊರಗಿಟ್ಟರೆ, ಹೀಯಾಳಿಸಿದರೆ ಮಕ್ಕಳ ಸಹಾಯವಾಣಿ 1098.

ವರದಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಜಾಗದಲ್ಲಿಡಿ. ಮೊದಲ ಪರೀಕ್ಷೆಯ ಚೀಟಿ, ಖಚಿತಪಡಿಸಿದ ವರದಿ, ಲಸಿಕೆಯ ಕಾರ್ಡ್, ಮಾತ್ರೆಯ ಪ್ರಮಾಣ ಬರೆದ ಚೀಟಿ ಇಷ್ಟೂ ಅದರಲ್ಲಿರಬೇಕು. ಮಗು ಹಾಸ್ಟೆಲಿಗೆ ಸೇರುವಾಗ ಮಾತ್ರೆಯ ಚೀಟಿಯ ಪ್ರತಿಯನ್ನಷ್ಟೇ ಕಳುಹಿಸಿ. 18 ತುಂಬಿದಾಗ ಇಡೀ ಕವರನ್ನು ಅವರ ಕೈಗೆ ಕೊಟ್ಟು, ಒಂದೊಂದೇ ಕಾಗದ ಏನೆಂದು ಓದಿ ಹೇಳಿ.